ಬೆನ್ನಿನ ಕಂತು (ಭಾಗ 4)

ಲಾಲ್‌ಬಾಗ್ ಸಿದ್ದಾಪುರ ಗೇಟ್ ಹತ್ರ ನಿಂತಿರೋಳು ನನ್ನ ತಂಗಿ. ಒಂದು ಭುಜ ಮೇಲಿದೆ, ನೋಡಿದ್ರಾ? ನಾವು ನೋಡೇ ಇರ್ಲಿಲ್ಲ. ಸ್ಕೂಲ್ ಬ್ಯಾಗ್ ಭಾರ ಅಂದ್ಕೊಂಡ್ವಿ. ಮೈಮೇಲಿನ ಕಾಫಿ ಬಣ್ಣದ ಮಚ್ಚೆಗಳನ್ನ ಅಜ್ಜಿ ಅದೃಷ್ಟ ಅಂತಿದ್ರು.

ಮಕ್ಕಳಲ್ಲಿ 5 ಮಿ.ಮೀ.ಗಿಂತ ದೊಡ್ಡ ಮಚ್ಚೆ ಆರು ಅಥವಾ ಹೆಚ್ಚಿದ್ರೆ ಡಾಕ್ಟರಿಗೆ ತೋರಿಸಿ. ಅದು ನ್ಯೂರೋಫೈಬ್ರೊಮಟೋಸಿಸ್ ಇರಬಹುದು. ಸುಮಾರು 3,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತೆ. ‘ಯಾರ ಕಡೆಯಿಂದ ಬಂತು?’ ಅಂತ ಅಮ್ಮನ್ನ ಕೇಳಿದವರೇ, ಹೆಚ್ಚುಕಮ್ಮಿ ಅರ್ಧ ಜನರ ಮನೇಲಿ ಮೊದಲು ಯಾರಿಗೂ ಇರಲ್ಲ.

ಕೆಲವರಿಗೆ ಬೆನ್ನುಮೂಳೆ ಚಿಕ್ಕ ಜಾಗದಲ್ಲೇ ಜೋರಾಗಿ ಬಾಗಿ, ಬೇಗ ಹೆಚ್ಚುತ್ತೆ. ಬೆಲ್ಟ್ ಕಟ್ಟಿದ್ರೂ ಸಾಮಾನ್ಯವಾಗಿ ನಿಲ್ಲಲ್ಲ, ಆಪರೇಷನ್ನೇ ಬೇಕಾಗುತ್ತೆ. ಆದ್ರೆ ಚಿಕ್ಕ ವಯಸ್ಸಲ್ಲೇ ಮೂಳೆಗಳನ್ನ ಉದ್ದಕ್ಕೂ ಬೆಸೆದ್ರೆ ಎದೆಗೂಡು, ಶ್ವಾಸಕೋಶ ಸರಿಯಾಗಿ ಬೆಳೆಯಲ್ಲ. ಅದಕ್ಕೇ ತಂಗಿಗೆ ಹಾಕಿದ್ದು ಉದ್ದ ಮಾಡಬಹುದಾದ ರಾಡ್. ಸುಮಾರು ಆರು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಎಳೀತಾರೆ. ಬಿಕಾಂ ಓದೋ ನಂಗೆ ಅದು ಇಎಂಐ ಥರ. ಕಟ್ಟೋಳು ಮಾತ್ರ ಅವಳು. ಪ್ರತಿ ಸಲ ಥಿಯೇಟರ್ ಬಾಗಿಲಲ್ಲಿ ನನ್ನ ಕೈ ಬಿಡಲ್ಲ.

ಇವತ್ತು ನಿಮ್ಮ ತಮ್ಮ, ತಂಗೀನ ಮುಂದಕ್ಕೆ ಬಗ್ಗಿಸಿ ಹಿಂದಿಂದ ಬೆನ್ನು ನೋಡಿ. ಒಂದು ಕಡೆ ಉಬ್ಬಿದ್ರೆ ನಮ್ಮ ಥರ ಬ್ಯಾಗ್ ಮೇಲೆ ತಪ್ಪು ಹೊರಿಸ್ಬೇಡಿ, ಡಾಕ್ಟರ್ ಹತ್ರ ಹೋಗಿ.