ಬೆಕ್ಕು ಆಲಿಸಿದ ಸಂಗೀತ

ಕನ್ನಡದ ಗಾದೆಗಳಲ್ಲಿ ಬೆಕ್ಕಿಗೆ ಒಳ್ಳೆಯ ಹೆಸರಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಕಳ್ಳ ಅದು. ಅದರ ಚೆಲ್ಲಾಟ ಇಲಿಗೆ ಪ್ರಾಣಸಂಕಟ. ಇಂಥ ಅಪವಾದ ಹೊತ್ತ ಪ್ರಾಣಿಯನ್ನೇ ಅಪರಾಧಿಗಳನ್ನು ಹಿಡಿಯುವ ಕೆಲಸಕ್ಕೆ ನೇಮಿಸಿದಾಕೆ ಅಮೆರಿಕದ ಲೇಖಕಿ ಲಿಲಿಯನ್ ಜ್ಯಾಕ್ಸನ್ ಬ್ರಾನ್.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಉಸಿರು ಬಿಗಿಹಿಡಿದು ಓದಿದವರಿಗೆ ಬ್ರಾನ್ ಅವರ ಲೋಕ ಮೊದಲ ನೋಟಕ್ಕೆ ಸಪ್ಪೆಯೆನಿಸಬಹುದು. ಅಲ್ಲಿಯೂ ಕೊಲೆ ನಡೆಯುತ್ತದೆ. ಆದರೆ ಅದರ ಭೀಕರತೆಯನ್ನು ಲೇಖಕಿ ಹಿಗ್ಗಿಸಿ ಬರೆಯುವುದಿಲ್ಲ. ಕ್ವಿಲರನ್ ಎಂಬ ನಡುವಯಸ್ಸಿನ ಪತ್ರಕರ್ತ, ಅವನು ಸಾಕಿದ ಕೋಕೋ ಮತ್ತು ಯಮ್ ಯಮ್ ಎಂಬ ಎರಡು ಸಯಾಮಿ ಬೆಕ್ಕುಗಳು: ಆಕೆಯ ಬಂಡವಾಳ ಇಷ್ಟೇ.

1987ರಲ್ಲಿ ಬಂದ 'ದಿ ಕ್ಯಾಟ್ ಹೂ ಪ್ಲೇಡ್ ಬ್ರಾಮ್ಸ್' ಕಾದಂಬರಿಯಲ್ಲಿ ವೃತ್ತಿಯಿಂದ ಬೇಸತ್ತ ಕ್ವಿಲರನ್, ತಾಯಿಯ ಹಳೆಯ ಗೆಳತಿಯೊಬ್ಬಳ ಮರದ ಮನೆಗೆ ಬೇಸಿಗೆ ಕಳೆಯಲು ಹೋಗುತ್ತಾನೆ. ಸರೋವರದ ದಡ, ದೂರದ ಹಳ್ಳಿ. ನಡುರಾತ್ರಿ ಮಾಡಿನ ಮೇಲೆ ಹೆಜ್ಜೆಯ ಸಪ್ಪಳ. ಊರವರು ನಗುತ್ತ ಮಾತನಾಡುತ್ತಾರೆ, ಹೇಳಬೇಕಾದುದನ್ನು ಮಾತ್ರ ಹೇಳುವುದಿಲ್ಲ. ಅಂಥ ಹೊತ್ತಿನಲ್ಲಿ ಕೋಕೋಗೆ ಇದ್ದಕ್ಕಿದ್ದಂತೆ ಶಾಸ್ತ್ರೀಯ ಸಂಗೀತದ ಹುಚ್ಚು ಹಿಡಿಯುತ್ತದೆ. ಅದೂ 19ನೆಯ ಶತಮಾನದ ಜರ್ಮನ್ ಸಂಗೀತಕಾರ ಬ್ರಾಮ್ಸ್‌ನ ರಚನೆಯೇ ಆಗಬೇಕು! ಅದರ ಗುಟ್ಟನ್ನು ಇಲ್ಲಿ ಬಿಚ್ಚಿದರೆ ಮುಂದೆ ಓದುವವರಿಗೆ ಅನ್ಯಾಯವಾದೀತು. ಕೋಕೋ ಒಂದು ಮಾತನ್ನೂ ಆಡುವುದಿಲ್ಲ, ಯಾರ ಮೇಲೂ ಬೆರಳು ತೋರುವುದಿಲ್ಲ. ಅದರ ಚೇಷ್ಟೆಗೆ ಅರ್ಥವಿದ್ದೀತೆಂದು ನಂಬಿ ಕಿವಿಗೊಟ್ಟದ್ದೇ ಕ್ವಿಲರನ್‌ನ ಪತ್ತೇದಾರಿಕೆ.

ಈ ನಂಬಿಕೆಯ ಬೇರು ಲೇಖಕಿಯ ಬದುಕಿನಲ್ಲಿದೆ. ಡೆಟ್ರಾಯಿಟ್ ನಗರದ ಪತ್ರಿಕೆಯೊಂದರಲ್ಲಿ ಸುಮಾರು 30 ವರ್ಷ ದುಡಿದ ಬ್ರಾನ್ ಅವರಿಗೆ ಕೋಕೋ ಎಂಬ ಸಯಾಮಿ ಬೆಕ್ಕು ನಿಜವಾಗಿಯೂ ಇತ್ತು. ಗಂಡನಿಂದ ಬಂದ ಹುಟ್ಟುಹಬ್ಬದ ಉಡುಗೊರೆ ಅದು. ಒಂದು ದಿನ ಅದು ಎತ್ತರದ ಮಹಡಿಯಿಂದ ಬಿದ್ದು ಸತ್ತಿತು. ಆ ನೋವನ್ನು ನೀಗಿಕೊಳ್ಳಲು ಆಕೆ ಕಥೆ ಬರೆದರು; 1962ರಲ್ಲಿ ಅದು ಅಚ್ಚಾಯಿತು. 1966ರಿಂದ 1968ರವರೆಗೆ ಮೂರು ಕಾದಂಬರಿಗಳು ಬಂದವು. ಅಷ್ಟರಲ್ಲಿ ಕಾಲದ ರುಚಿ ಬದಲಾಯಿತು. ಪ್ರಕಾಶಕರಿಗೆ ಹಿಂಸೆ ಬೇಕಾಯಿತು, ಕಾಮ ಬೇಕಾಯಿತು. ಬ್ರಾನ್ ತಮ್ಮ ಲೇಖನಿಯನ್ನು ಅತ್ತ ತಿರುಗಿಸಲಿಲ್ಲ. ನಾಲ್ಕನೆಯ ಕಾದಂಬರಿ ಬೆಳಕು ಕಂಡದ್ದು 1986ರಲ್ಲಿ, 18 ವರ್ಷಗಳ ಬಳಿಕ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಬಳಿಕ ಓದುಗರು ಕೈಬಿಡಲಿಲ್ಲ. ಒಟ್ಟು 29 ಕಾದಂಬರಿಗಳು ಹೊರಬಂದವು. 2011ರಲ್ಲಿ ಆಕೆ ತೀರಿಕೊಂಡರು.

ಇಂಥ ಕೃತಿಗಳನ್ನು ಹಗುರ ಸಾಹಿತ್ಯವೆಂದು ಬದಿಗಿಡುವುದು ಸುಲಭ. ಅವು ಮಹಾಕೃತಿಗಳೆಂದು ಯಾರೂ ವಾದಿಸಬೇಕಾಗಿಲ್ಲ. ಆದರೆ ಮೃದುವಾದುದೆಲ್ಲ ಸುಖದಲ್ಲೇ ಹುಟ್ಟಿತೆಂದು ತಿಳಿಯುವುದು ತಪ್ಪು. ಸಂಕಟವನ್ನು ಕಂಡವರೇ ಕೆಲವೊಮ್ಮೆ ಇತರರಿಗಾಗಿ ಬೆಚ್ಚನೆಯ ಮನೆ ಕಟ್ಟುತ್ತಾರೆ. ಬ್ರಾನ್ ಅವರ ಕಥೆಗಳಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಮನುಷ್ಯರು ಸಾಯುತ್ತಲೇ ಹೋಗುತ್ತಾರೆ. ಕೋಕೋವನ್ನು ಮಾತ್ರ ಆಕೆ ಮತ್ತೆ ಸಾಯಗೊಡಲಿಲ್ಲ.