ಕಡಲ ನಡುವೆ ಕಾವಲು ದೀಪ

ಬಸವನಗುಡಿಯ ಕಹಳೆ ಬಂಡೆಯ ಮೇಲೊಂದು ಪುರಾತನ ಗೋಪುರವಿದೆ. ಕೆಂಪೇಗೌಡರ ಕಾಲದಲ್ಲಿ ಕಾವಲುಗಾರರು ಅಲ್ಲಿ ಪಂಜು ಹಿಡಿದು, ಕಹಳೆಯೂದಿ ಊರನ್ನು ಎಚ್ಚರಿಸುತ್ತಿದ್ದರೆಂಬುದು ಪ್ರತೀತಿ. ಬೆಂಗಳೂರಿಗರಾದ ನಮ್ಮ ಪಾಲಿಗೆ ಅದು ಇತಿಹಾಸ ಮಾತ್ರ. ಆದರೆ ಅಂಥದೇ ಕಾವಲನ್ನು ಇಂದಿಗೂ ಕಾಯುತ್ತಿರುವ ಬಂಡೆಯೊಂದು ನಮ್ಮ ನಾಡಿನಲ್ಲಿದೆ. ಅದೇ ಕಾರವಾರದ ಕಡಲೊಳಗಿನ ದೇವಗಡ ದ್ವೀಪ. ಆಂಗ್ಲರು ಇದನ್ನು ಆಯ್‌ಸ್ಟರ್ ರಾಕ್ಸ್ ಎಂದು ಕರೆದರು.

ಅಲ್ಲಿಯ ದೀಪಸ್ತಂಭ 1864ರದು. ಅದಕ್ಕೆ ಎರಡು ವರ್ಷ ಮೊದಲು ಉತ್ತರ ಕನ್ನಡವು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರಗಾಲ ಬಂದಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟವಿಳಿಸಿ ಹಡಗಿಗೇರಿಸಲು ಕಾರವಾರ ಬಂದರು ಬೇಕಾಯಿತು; ಬಂದರಿಗೆ ದೀಪ ಬೇಕಾಯಿತು. ಎರೆಹೊಲದಲ್ಲಿ ಹತ್ತಿ ಬಿಡಿಸಿದ ತಾಯಂದಿರಲ್ಲಿ ಎಷ್ಟೋ ಜನ ಕಡಲನ್ನೇ ಕಂಡಿರಲಾರರು. ಆದರೂ ಅವರ ಕಾಯಕಕ್ಕೂ ಈ ದೀಪಕ್ಕೂ ನಂಟು ಬೆಳೆಯಿತು.

ದೀಪವನ್ನು ದ್ವೀಪದ ನೆತ್ತಿಯ ಮೇಲಿರಿಸಿದ್ದಕ್ಕೂ ಕಾರಣವುಂಟು. ಭೂಮಿ ದುಂಡಗಿರುವುದರಿಂದ ತಗ್ಗಿನ ಬೆಳಕು ಬೇಗನೆ ದಿಗಂತದ ಕೆಳಗೆ ಮರೆಯಾಗುತ್ತದೆ. ಸಮುದ್ರಮಟ್ಟದಿಂದ 50 ಮೀಟರ್ ಎತ್ತರದಲ್ಲಿರುವ ಬೆಳಕಿಗೆ ದಿಗಂತ ಸುಮಾರು 25 ಕಿಲೋಮೀಟರ್ ದೂರ. ದೀಪಸ್ತಂಭಗಳಲ್ಲಿ ಗಾಜಿನ ಪಟ್ಟಕಗಳು ಚದುರಿಹೋಗುವ ಬೆಳಕನ್ನು ಒಗ್ಗೂಡಿಸಿ ಕಡಲಿನತ್ತ ಕಳಿಸುತ್ತವೆ. ಪ್ರತಿಯೊಂದು ದೀಪಸ್ತಂಭದ ಮಿನುಗಿಗೂ ತನ್ನದೇ ಲಯವಿರುತ್ತದೆ. ನಾವಿಕನು ಅದನ್ನೆಣಿಸಿ ತಾನೆಲ್ಲಿರುವೆನೆಂದು ಅರಿಯುತ್ತಾನೆ.

ಆದರೆ ದೀಪವು ದಾರಿ ತೋರಬಲ್ಲದೇ ಹೊರತು ದೋಣಿಯನ್ನು ನಡೆಸಲಾರದು. ಸಮೀಪದ ಕೂರ್ಮಗಡ ದ್ವೀಪದಲ್ಲಿ ಪ್ರತಿವರ್ಷ ನರಸಿಂಹ ದೇವರ ಜಾತ್ರೆ ನಡೆಯುತ್ತದೆ. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಹಾಡಹಗಲಲ್ಲೇ ಮಗುಚಿ 16 ಮಂದಿ ಜಲಸಮಾಧಿಯಾದರು. ಅವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದ ಒಂದೇ ಕುಟುಂಬದ ಹಲವರಿದ್ದರು, ಮಕ್ಕಳೂ ಇದ್ದರು. ನಮ್ಮಂತೆಯೇ ಬಯಲುಸೀಮೆಯಿಂದ ಭಕ್ತಿಯಿಂದ ಹೋದವರು ಅವರು.

ಆದ್ದರಿಂದ ವಾಚಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಕಾರವಾರಕ್ಕೆ ಅವಶ್ಯವಾಗಿ ಹೋಗಿರಿ. ಬೆಂಗಳೂರಿನಿಂದ ನೇರ ರೈಲಿದೆ. ಆದರೆ ಮಳೆಗಾಲದ ಕಡಲನ್ನು ನಂಬಬೇಡಿ. ದ್ವೀಪಗಳಿಗೆ ಹೋಗಲು ಅನುಮತಿಯುಂಟೇ ಎಂದು ಮೊದಲೇ ವಿಚಾರಿಸಿರಿ. ಜನ ತುಂಬಿದ ದೋಣಿಯನ್ನು ಹತ್ತಬೇಡಿ. ಹಿರಿಯರು, ಮಕ್ಕಳೆನ್ನದೆ ಎಲ್ಲರೂ ಜೀವರಕ್ಷಕ ಕವಚ ತೊಟ್ಟ ಮೇಲೆಯೇ ದೋಣಿ ಹೊರಡಲಿ. ದೋಣಿಯವನು ಅವಸರಪಡಿಸಿದರೆ ಇಳಿದುಬಿಡಿರಿ. ನೂರಾರು ವರ್ಷ ನಿಲ್ಲುವ ಬಂಡೆಯನ್ನು ಮುಂದಿನ ವರ್ಷವೂ ನೋಡಬಹುದು.