ಹಳೆಯ ಉಬುಂಟುವಿನ ಈಗಿನ ವಿಳಾಸ

ಉಬುಂಟು 23.10 ಇರುವ ಕಂಪ್ಯೂಟರಿನಲ್ಲಿ ಆಪ್ಟ್ ಅಪ್‌ಡೇಟ್ ಕೊಟ್ಟರೆ ಸಾಲುಸಾಲಾಗಿ '404' ದೋಷ. ಇಂಟರ್ನೆಟ್ಟನ್ನು ಬೈದು, ಡಿಸ್ಕನ್ನೇ ಅಳಿಸಿ ಎಲ್ಲವನ್ನೂ ಮೊದಲಿಂದ ಹಾಕಿಕೊಳ್ಳುವವರಿದ್ದಾರೆ. ಅಷ್ಟೆಲ್ಲ ಬೇಕಿಲ್ಲ. ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಅಲ್ಲದ ಆವೃತ್ತಿಗೆ ಬೆಂಬಲ 9 ತಿಂಗಳು ಮಾತ್ರ, 23.10ರದ್ದು 2024ರ ಜುಲೈನಲ್ಲಿ ಮುಗಿಯಿತು. ಆಮೇಲೆ ಅದರ ಪ್ಯಾಕೇಜುಗಳನ್ನು ಎಸೆಯುವುದಿಲ್ಲ, 'ಓಲ್ಡ್ ರಿಲೀಸಸ್' ಎಂಬ ಬೇರೆ ಸರ್ವರಿಗೆ ಸಾಗಿಸುತ್ತಾರೆ. ಸೋರ್ಸಸ್ ಲಿಸ್ಟ್ ಕಡತದಲ್ಲಿರುವ ಆರ್ಕೈವ್, ಸೆಕ್ಯುರಿಟಿ ಎರಡೂ ವಿಳಾಸಗಳನ್ನು ಅಲ್ಲಿಗೆ ಬದಲಿಸಿದರೆ ಡೌನ್‌ಲೋಡ್ ಮತ್ತೆ ಶುರು. ಹಳೆಯದನ್ನೆಲ್ಲ ಹೀಗೆ ಜೋಪಾನವಾಗಿಟ್ಟು ಯಾರಿಗೆ ಬೇಕಾದರೂ ಕೊಡುವುದು ನನಗಂತೂ ದೊಡ್ಡ ಉಪಕಾರವೆನಿಸುತ್ತದೆ. ಆದರೆ ಅಲ್ಲಿ ಹೊಸ ಭದ್ರತಾ ತಿದ್ದುಪಡಿ ಬರುವುದಿಲ್ಲ. ದಯವಿಟ್ಟು ಅಲ್ಲೇ ಉಳಿಯಬೇಡಿ. ನಿಮ್ಮ ಕಡತಗಳ ನಕಲು ತೆಗೆದಿಟ್ಟುಕೊಂಡು 24.04ಕ್ಕೆ ಹೋಗಿ.